ಪಿತ್ರಾರ್ಜಿತ ಸಕ್ಕರೆ

ದಿನವಿಡೀ ಬಟ್ಟೆಗೆ ಸೂಜಿ ಚುಚ್ಚುವ ದರ್ಜಿಗೆ, ಅದೇ ಸೂಜಿ ತನ್ನ ಹೊಟ್ಟೆಯ ಕಡೆ ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಗಂಡ ಹೆಂಡತಿ ಇಬ್ಬರಿಗೂ ಇತ್ತು. ಹೆಂಡತಿ ತನಗೆ ತಾನೇ ಇಂಜೆಕ್ಷನ್ ಚುಚ್ಚಿಕೊಂಡು, ಆಮೇಲೆ ಕಣ್ಣು ಮುಚ್ಚಿ ನಿಂತ ಗಂಡನಿಗೂ ಚುಚ್ಚುತ್ತಿದ್ದಳು.

ಹೀಗಿರುವಾಗ ಹೊಸ ಡಾಕ್ಟರಮ್ಮ ಒಂದು ಮಾತು ಹೇಳಿಬಿಟ್ಟರು: "ಕೆಲವರ ಸಕ್ಕರೆ ಒಂದೇ ಒಂದು ಜೀನ್ ಕೆಟ್ಟು ವಂಶದಿಂದ ಬಂದಿರುತ್ತೆ. ಅಂಥವರಲ್ಲಿ ಕೆಲವರಿಗೆ ಇಂಜೆಕ್ಷನ್ ಬೇಡ, ಮಾತ್ರೆ ಸಾಕು."

ದರ್ಜಿ ಕುರ್ಚಿಯಿಂದ ಎದ್ದೇ ನಿಂತ. "ನಮ್ಮದು ಅದೇ ತಾಯಿ! ನಮ್ಮಪ್ಪನಿಗಿತ್ತು, ದೊಡ್ಡಪ್ಪನಿಗಿತ್ತು, ಅಜ್ಜನಿಗಂತೂ ಕೇಳೋದೇ ಬೇಡ!"

ಡಾಕ್ಟರಮ್ಮ ಅವನ ಹೊಟ್ಟೆಯನ್ನೊಮ್ಮೆ, ಕಡ್ಡಿಯಂತಿದ್ದ ಹೆಂಡತಿಯನ್ನೊಮ್ಮೆ ನೋಡಿ, ಇಬ್ಬರ ರಕ್ತವನ್ನೂ ಜೀನ್ ಪರೀಕ್ಷೆಗೆ ತೆಗೆಸಿದರು. "ಇವಳದ್ಯಾಕೆ ದಂಡಕ್ಕೆ" ಎಂದು ದರ್ಜಿ ಗೊಣಗಿದ.

ವರದಿ ಬರುವ ದಿನ ಅಂಗಡಿಯಲ್ಲಿ ಹೊಲಿಗೆಗಿಂತ ಮಾತೇ ಜಾಸ್ತಿ. "ನಿಮ್ಮದೆಲ್ಲ ತಿಂದು ಬಂದ ಸಕ್ಕರೆ ಕಣ್ರೀ. ನಮ್ಮದು ಮನೆತನದ್ದು!" ಎಂದು ದರ್ಜಿ ಅಳತೆ ಟೇಪನ್ನು ಸನ್ಮಾನದ ಶಾಲಿನಂತೆ ಹೆಗಲಿಗೇರಿಸಿಕೊಂಡ.

ಕೋಟು ಒಯ್ಯಲು ಬಂದಿದ್ದ ವಕೀಲರು ನಕ್ಕರು. "ಹಾಗಾದ್ರೆ ಇದು ಪಿತ್ರಾರ್ಜಿತ. ನಿಮ್ಮ ತಮ್ಮನಿಗೂ ಪಾಲು ಬರ್ಬೇಕಲ್ಲ?"

ಮಾತು ಪಕ್ಕದ ಇಸ್ತ್ರಿಯವನ ಕಿವಿಗೆ ಬಿತ್ತು. ಅವನ ಕಿವಿಗೆ ಬಿದ್ದರೆ ಬೀದಿಗೆಲ್ಲ ಡಂಗುರ ಸಾರಿದಂತೆಯೇ. ಮಧ್ಯಾಹ್ನದೊಳಗೆ ತಮ್ಮ ಏದುಸಿರು ಬಿಡುತ್ತ ಬಂದ.

"ಅಣ್ಣಾ, ಅಪ್ಪನದ್ದೇನೋ ಸಿಕ್ಕಿದ್ಯಂತೆ. ನನಗೊಂದು ಮಾತು ಹೇಳ್ಬಾರ್ದಾ?"

"ಸಕ್ಕರೆ ಕಣೋ!"

"ಸಕ್ಕರೆ ಆದ್ರೇನು, ಎಷ್ಟು ಮೂಟೆ?"

ಬಿಡಿಸಿ ಹೇಳಿದರೂ ತಮ್ಮ ನಂಬಲಿಲ್ಲ. ಪಾಲು ಕೇಳಲು ಅವನು, ನ್ಯಾಯ ಹೇಳಲು ವಕೀಲರು, ತಮಾಷೆ ನೋಡಲು ಇಸ್ತ್ರಿಯವನು, ಮೂವರೂ ಆಸ್ಪತ್ರೆಗೆ ಹೊರಟ ದರ್ಜಿಯ ಬೆನ್ನು ಹತ್ತಿದರು. ಹೆಂಡತಿ ಎಲ್ಲರ ಹಿಂದೆ ನಡೆದಳು.

"ಎಲ್ಲರ ಮುಂದೆ ಹೇಳ್ಲಾ?" ಡಾಕ್ಟರಮ್ಮ ಇಬ್ಬರನ್ನೂ ಕೇಳಿದರು. ಹೆಂಡತಿ ಹೂಂ ಎಂದು ತಲೆಯಾಡಿಸಿದಳು.

"ಹೇಳಿ ತಾಯಿ, ಸಾಕ್ಷಿ ಇರ್ಲಿ!" ಎಂದ ದರ್ಜಿ.

"ಒಬ್ಬರದ್ದು ವಂಶದ್ದೇ."

ದರ್ಜಿ ಎದೆಯುಬ್ಬಿಸಿದ.

"ಅಮ್ಮಾ, ನಿಮ್ಮದು. ಚಿಕ್ಕ ವಯಸ್ಸಿಗೇ ಬಂತು, ನಿಮ್ಮ ತಂದೆಗೂ ಹಾಗೇ ಇತ್ತು ಅಂದ್ರಲ್ಲ. ಇದಕ್ಕೆ ಮಾತ್ರೆ ಚೆನ್ನಾಗಿ ನಾಟುತ್ತೆ. ಇವತ್ತಿನಿಂದ ಇಂಜೆಕ್ಷನ್ ಬೇಡ. ವಾರ ವಾರ ಬಂದು ತೋರಿಸಿ."

"ನಂದು?" ದರ್ಜಿಯ ದನಿ ಬಾವಿಯೊಳಗಿಂದ ಬಂದಂತಿತ್ತು.

"ನಿಮ್ಮದು ಮಾಮೂಲಿ. ಇಂಜೆಕ್ಷನ್ ಮುಂದುವರೀಲಿ, ಹೊಟ್ಟೆ ಕರಗಲಿ."

ವಕೀಲರು ಗಂಟಲು ಸರಿಮಾಡಿಕೊಂಡರು. "ಅಂದ್ರೆ ಸ್ವಯಾರ್ಜಿತ. ನೀವೇ ಕಷ್ಟಪಟ್ಟು ತಿಂದು ಗಳಿಸಿದ್ದು."

"ನನಗೆ ಪಾಲು ಬೇಡಪ್ಪ" ಎಂದು ತಮ್ಮ ಬಾಗಿಲು ದಾಟಿದ.

ಹೆಂಡತಿಯ ಕಣ್ಣು ತುಂಬಿತ್ತು, ಆದರೆ ತಲೆ ಎತ್ತಿಯೇ ಇತ್ತು. "ನಮ್ಮಪ್ಪನ್ನ ಬಾಯಿಚಪಲದವನು ಅಂತ ಎಲ್ಲರೂ ಬೈದರು. ಅಪ್ಪನದ್ದೇನೂ ತಪ್ಪಿರಲಿಲ್ಲ" ಎಂದಳು. ಬರುವಾಗ ಹಿಂದಿದ್ದವಳು ಹೋಗುವಾಗ ಎಲ್ಲರಿಗಿಂತ ಮುಂದೆ ನಡೆದಳು. ದರ್ಜಿಗೆ ಅವಳ ಸಮಕ್ಕೆ ಹೆಜ್ಜೆ ಹಾಕುವುದೇ ಕಷ್ಟವಾಯಿತು.

ಸಂಜೆ ಊಟಕ್ಕೆ ಮುಂಚೆ ಅವಳು ಗತ್ತಿನಿಂದ ಮಾತ್ರೆ ನುಂಗಿ ನೀರು ಕುಡಿದಳು. ದರ್ಜಿ ಎಂದಿನಂತೆ ಅಂಗಿ ಎತ್ತಿ ನಿಂತ. ಅವಳು ಸಿರಿಂಜನ್ನು ಅವನ ಕೈಗೇ ಕೊಟ್ಟಳು.

"ನಮ್ಮ ಮನೆತನದವರು ಇನ್ನು ಸೂಜಿ ಮುಟ್ಟಲ್ಲ. ನಿಮ್ಮ ಗಳಿಕೆ, ನೀವೇ ನೋಡ್ಕೊಳ್ಳಿ."

ದರ್ಜಿ ಸೂಜಿ ಹಿಡಿದ. ಈಗ ಕಣ್ಣು ಮುಚ್ಚಿಕೊಳ್ಳುವ ಹಾಗೂ ಇರಲಿಲ್ಲ.