ಮಂಗಳ ಕಾಣದ ಮಂಡಳಿ

ನಾಟಕದವರು ಸುಳ್ಳುಸುಳ್ಳೇ ಅಳುತ್ತಾರೆ, ಸುಳ್ಳುಸುಳ್ಳೇ ಸಾಯುತ್ತಾರೆ ಅಂತ ಜನ ತಿಳಿದಿದ್ದಾರೆ. ನಮ್ಮ ಮಂಡಳಿಯವರು ಖರೇನೇ ಅತ್ತಿದ್ದಾರೆ, ಸಾಯುವುದೊಂದು ಬಾಕಿ. ಬೈಲಹೊಂಗಲದ ನಮ್ಮ ಹವ್ಯಾಸಿ ಸಂಗೀತ ನಾಟಕ ಮಂಡಳಿ ಹುಟ್ಟಿ ಇಪ್ಪತ್ತು ವರ್ಷ ದಾಟಿತು. ಅಷ್ಟೂ ವರ್ಷ ನಾನು ಅದರ ಪ್ರಾಂಪ್ಟರ್. ಅಂದರೆ ಪರದೆಯ ಮರೆಯಲ್ಲಿ ನಾಟಕ ಬರೆದ ವಹಿ ಹಿಡಿದು ನಿಂತು, ಮಾತು ಮರೆತವರಿಗೆ ಮಾತು ಎತ್ತಿಕೊಡುವವನು. ಅಲ್ಲಿ ನಿಂತವನಿಗೆ ನಾಟಕವೂ ಕಾಣುತ್ತದೆ, ನಾಟಕದವರ ನಾಟಕವೂ ಕಾಣುತ್ತದೆ. ಹಿಂಗೂ ಆಗುತ್ತದೆಯೇ ಅಂತ ಬೆರಗಾಗುವಷ್ಟರಲ್ಲಿ ಇನ್ನೊಂದು ಆಗಿರುತ್ತದೆ.

ನಮ್ಮಲ್ಲಿ ಹೊಟ್ಟೆಪಾಡಿಗೆ ನಾಟಕ ಮಾಡುವವರು ಯಾರೂ ಇಲ್ಲ. ದನದ ಡಾಕ್ಟರು, ಬ್ಯಾಂಕಿನವರು, ವಿಮೆ ಏಜಂಟರು, ಪತ್ತಿನ ಸಂಘದ ಗುಮಾಸ್ತನಾದ ನಾನು, ಎಲ್ಲರಿಗೂ ಸೋಮವಾರ ಬೆಳಗಾದರೆ ನೌಕರಿ. ಆದ್ದರಿಂದ ನಮ್ಮ ಆಟ ರವಿವಾರ ಮಧ್ಯಾಹ್ನ. ಮಂಡಳಿ ಕಟ್ಟಿದವರು ಪೇಟಿ ಮಾಸ್ತರರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಅವರು ಪ್ರತಿ ನಾಟಕಕ್ಕೂ ಹಾಡು ಕಟ್ಟಿದರು. ಆದರೆ ಎಲ್ಲಕ್ಕಿಂತ ಮೊದಲು ಕಟ್ಟಿದ್ದು ಮಂಗಳವನ್ನು. ನಾಟಕ ಮುಗಿದ ಮೇಲೆ ಸತ್ತವರು ಬದುಕಿದವರು ಎಲ್ಲರೂ ಸಾಲಾಗಿ ಕೈಮುಗಿದು ನಿಂತು ಹಾಡುವ ಕೊನೆಯ ಹಾಡು ಅದು. ಅದನ್ನು ಒಮ್ಮೆ ಜನರೆದುರು ಹಾಡಿಸಬೇಕು ಅನ್ನುವುದೊಂದೇ ಮಾಸ್ತರರ ಆಸೆ.

ಇದರಲ್ಲೇನು ಕಷ್ಟ ಅಂತೀರಾ? ನಮ್ಮ ನಾಟಕ ಮುಗಿಯಬೇಕಲ್ಲ! ಅರ್ಧಕ್ಕೆ ನಿಂತಾಗ ಯಾರಾದರೂ "ಮಂಗಳ ಹಾಡೇ ಬಿಡೂಣ್ರಿ ಮಾಸ್ತರ" ಅಂದರೆ ಅವರು ಕೆರಳುತ್ತಿದ್ದರು. "ಕಥಿ ಮುಗೀಲಾರದ ಮಂಗಳ ಹಾಡೂದಂದ್ರ ಊಟಕ್ಕ ಬಡಸಲಾರದ ಎಲಿಅಡಕಿ ಕೊಟ್ಟಂಗ!"

ದೊಡವಾಡದ ರಾಜ

ದೊಡವಾಡದಲ್ಲಿ ಮೂರನೆಯ ಅಂಕದವರೆಗೆ ಎಲ್ಲಾ ಸುರಳೀತ ನಡೆದಿತ್ತು. ನಮ್ಮ ದನದ ಡಾಕ್ಟರು ರಾಜ. ತಲೆಯ ಮೇಲೆ ಕಿರೀಟ, ಮುಖದ ಮೇಲೆ ಅಂಗೈಯಗಲ ಮೀಸೆ. ಮಂತ್ರಿ ಬಂದು ಮೊಣಕಾಲೂರಿ ಕೇಳಿದ, "ಪ್ರಭೂ, ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ. ಏನಪ್ಪಣೆ?"

ಆಗ ರಾಜರ ನಡುಪಟ್ಟಿಯೊಳಗಿನ ಫೋನು ಹೊಡೆದುಕೊಂಡಿತು. ರಾಜರು ಎತ್ತಿಕೊಂಡು ಸಿಂಹಾಸನದಿಂದಲೇ ಗರ್ಜಿಸಿದರು: "ಮೊದಲ ಕಾಲು ಬಂದಾವೋ, ತಲಿ ಬಂದೈತೋ? ಎಳೀಬ್ಯಾಡ್ರಿ! ನಾ ಬರೂತನಕ ಯಾರೂ ಕೈ ಹಚ್ಚಬ್ಯಾಡ್ರಿ!"

ಜನ ಚಪ್ಪಾಳೆ ಹೊಡೆದರು. ಇದು ಯುದ್ಧದ ಮಾತಲ್ಲ, ಅದೇ ಊರಿನ ಎಮ್ಮೆಯೊಂದರ ಹೆರಿಗೆಯ ಮಾತು ಅಂತ ತಿಳಿದದ್ದು ರಾಜರು ಕಿರೀಟದ ಸಮೇತ ವೇದಿಕೆಯಿಂದ ಜಿಗಿದು ಓಡಿದಾಗ. ಯಾರ ಮನೆಯ ಎಮ್ಮೆ ಅಂತ ಗೊತ್ತಾದ ಮೇಲೆ ಅರ್ಧ ಊರು ಹಿಂದೆ ಹೋಯಿತು. ಉಳಿದ ಅರ್ಧ, ಹೋದವರು ಯಾಕೆ ಹೋದರು ಅಂತ ನೋಡಲು ಹೋಯಿತು. ನಾನು ಮಂತ್ರಿಗೆ ಮುಂದಿನ ಮಾತು ಎತ್ತಿಕೊಟ್ಟೆ. "ಯಾರಿಗೆ ಹೇಳಲೋ ಮಾರಾಯಾ?" ಅಂದು ಅವನೂ ಹೋದ. ಮಾಸ್ತರರು ಖಾಲಿ ಬಯಲಿಗೆ ಎದುರಾಗಿ ಕೂತು ಪೇಟಿ ಮುಚ್ಚಿದರು.

ಅತ್ತ ಕೊಟ್ಟಿಗೆಯಲ್ಲಿ ರಾಜರು ರೇಷ್ಮೆ ಅಂಗಿಯ ತೋಳು ಏರಿಸಿ, ಮುಕ್ಕಾಲು ತಾಸು ಹೆಣಗಿ, ಕರುವನ್ನೂ ಎಮ್ಮೆಯನ್ನೂ ಉಳಿಸಿದರು. ಮನೆಯ ಮುದುಕಿ ಅವರ ಮೀಸೆ ಕಿರೀಟಕ್ಕೆ ಲಟಿಕೆ ಮುರಿದು ದೃಷ್ಟಿ ತೆಗೆದು ಹೇಳಿದಳು: "ಆ ಬೈಲಹೊಂಗಲದ ಡಾಕ್ಟರನ್ನ ಕಾಯಕೋತ ಕುಂತಿದ್ರ ನಮ್ಮ ಎಮ್ಮಿ ಸತ್ತಹೋಗತಿತ್ತೋ ಯಪ್ಪಾ. ಪುಣ್ಯಾಕ್ಕ ರಾಜಾ ಬಂದಿ!"

ಕಿತ್ತೂರಿನಲ್ಲಿ ಇತಿಹಾಸ

ಕಿತ್ತೂರಿನಲ್ಲಿ ಆಡಬೇಕೆಂದರೆ ಕಿತ್ತೂರಿನ ಯುದ್ಧವನ್ನೇ ಆಡಬೇಕು ಅಂತ ಹಟ ಹಿಡಿದವರು ನಾವೇ. ಬಿಳಿ ಸಾಹೇಬನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಆ ಊರಿನಲ್ಲಿ ಆ ವೇಷ ಹಾಕಿದವನಿಗೆ ಚಹಾ ಸಿಗುವುದೂ ಕಷ್ಟ. ಕೊನೆಗೆ ಮೈಬಣ್ಣ ಬೆಳ್ಳಗಿದೆ ಎಂಬ ಒಂದೇ ತಪ್ಪಿಗೆ ಬ್ಯಾಂಕಿನ ಕ್ಯಾಶಿಯರರು ಸಿಕ್ಕಿಬಿದ್ದರು.

ಅವರು ಟೊಪ್ಪಿಗೆ ಹಾಕಿ ಬಂದರು, ಕೋಟೆಯಿಂದ ಗುಂಡು ಹಾರಿತು (ಒಳಗೆ ಪಟಾಕಿ ಹಚ್ಚುವವನು ನಾನೇ), ಸಾಹೇಬ ಬಿದ್ದ. ಜನ ಎದ್ದು ನಿಂತು "ವನ್ಸ್ ಮೋರ್!" ಅಂತ ಕೂಗಿದರು. ಹಾಡಿಗೆ ವನ್ಸ್ ಮೋರ್ ಬರುವುದು ರೂಢಿ. ಹೆಣಕ್ಕೆ ಬಂದದ್ದು ಅವತ್ತೇ. ಕ್ಯಾಶಿಯರರು ಎದ್ದು ಧೂಳು ಝಾಡಿಸಿ ಮತ್ತೆ ಸತ್ತರು. ಮತ್ತೆ ವನ್ಸ್ ಮೋರ್. ನಾಲ್ಕನೆಯ ಸಲ ಬಿದ್ದಲ್ಲಿಂದಲೇ ಕೈಮುಗಿದರು: "ಸಾಕ್ರೆಪಾ, ಮೊಣಕಾಲು ಕೆತ್ತೇತಿ." "ನಮ್ಮವರಿಗೂ ಆವಾಗ ಕೆತ್ತಿತ್ತೂ, ಏಳ್ರಿ!" ಅಂತ ಹಿಂದಿನಿಂದ ಒಬ್ಬ ಒದರಿದ. ಐದನೆಯ ಸಾವಿಗೆ ಪಟಾಕಿ ತೀರಿ, ನಾನು ಬಾಯಿಂದಲೇ "ಢಂ" ಅಂದೆ.

ಮುಂದೆ ಕೋಟೆ ಬೀಳುವ ಅಂಕ, ಆಮೇಲೆ ರಾಣಿಯ ಸೆರೆ, ಆಮೇಲೆ ಮಂಗಳ. ಮಾಸ್ತರರು ಪೇಟಿಯ ಮೇಲೆ ದುಃಖದ ರಾಗ ಎತ್ತಿದ್ದೇ ತಡ, ಮುಂದಿನ ಸಾಲಿನ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದರು.

"ಮಾಸ್ತರ, ಇಲ್ಲಿಗೇ ಸಾಕು ಮಾಡ್ರಿ. ಗೆದ್ದೀವಿ, ಮುಗೀತು."

"ಯಜಮಾನ್ರ, ಇನ್ನೂ ಎರಡ ಅಂಕ ಅದಾವ. ಇತಿಹಾಸ ಹಂಗ ಅದರಿ."

"ಇರಲಿ. ಆಕೀನ್ನ ಸೆರಿ ಇಟ್ಟದ್ದು ನಿಮ್ಮ ಬೈಲಹೊಂಗಲದಾಗ. ಆ ಅಂಕ ನಿಮ್ಮೂರಾಗ ಮಾಡಿಕೋರಿ!"

ರಾಮದುರ್ಗದ ಸೀರೆ

ರಾಮದುರ್ಗದ್ದು ಸಣ್ಣ ಕಥೆ. ಅಲ್ಲಿ ನೇಕಾರರು ಹೆಚ್ಚು, ಅದು ನಮಗೆ ಗೊತ್ತಿತ್ತು. ಮುಂದಿನ ಸಾಲಿನಲ್ಲೇ ಕೂರುತ್ತಾರೆ ಅಂತ ಗೊತ್ತಿರಲಿಲ್ಲ. ಅವತ್ತಿನ ಆಟ ಬೇರೆ, ಅದರ ರಾಣಿ ಬಂದು ಪತಿಯ ನೆನಪಲ್ಲಿ ಒಂದು ನುಡಿ ಹಾಡಿದಳು. ಮುಂದಿನ ಸಾಲಿನ ನಾಲ್ವರು ತಲೆ ಕೂಡಿಸಿ ಗುಸುಗುಸು ಮಾಡಿದರು. ಆಮೇಲೆ ಒಬ್ಬರು ಎದ್ದು, "ಸ್ವಲ್ಪ ನಿಂದರ್ರಿ ತಂಗೀ" ಅಂದು ವೇದಿಕೆಯ ಅಂಚಿಗೆ ಬಂದು ಸೆರಗು ಹಿಡಿದು ತಿರುಗಿಸಿ ನೋಡಿದರು.

"ಮಶಿನ್ ಸೀರಿ! ನಮ್ಮೂರಾಗ ರಾಣಿಗೆ ಮಶಿನ್ ಸೀರಿ ಉಡಿಸೀರಲ್ರೀ, ನಾಚಿಕಿ ಬರಂಗಿಲ್ಲೇನು?"

ಒಬ್ಬರು ಮೋಟರ್ ಸೈಕಲ್ ಹತ್ತಿ ಮನೆಗೆ ಹೋಗಿ ಕೈಮಗ್ಗದ ಹೊಸ ಸೀರೆ ತಂದು ಉಡಿ ತುಂಬಿದರು. ಆಕೆ ಉಟ್ಟು ಬಂದಾಗ ನಿಜವಾಗಿಯೂ ರಾಣಿಯೇ. ಹಾಡೂ ಮೊದಲಿಗಿಂತ ಎತ್ತರಕ್ಕೆ ಏರಿತು. ಆದರೆ ಕೊನೆಯ ಅಂಕದಲ್ಲಿ ರಾಜನು ರಾಣಿಗೆ ಹರಕು ಸೀರೆ ಉಡಿಸಿ ಕಾಡಿಗೆ ಅಟ್ಟಬೇಕು. ನಾನು ಹರಕು ಸೀರೆ ಹಿಡಿದು ಒಳಗೆ ನಿಂತೇ ಇದ್ದೆ, ಆಕೆ ಮುಟ್ಟಿಯೂ ನೋಡಲಿಲ್ಲ. ಮಾಸ್ತರರು ಬಂದು ಕೈಮುಗಿದು ಬೇಡಿದರು.

ಆಕೆ ನೆರಿಗೆ ಸರಿ ಮಾಡಿಕೊಳ್ಳುತ್ತ ಅಂದಳು: "ಇಂಥಾ ಸೀರಿ ಬಂದ ಮ್ಯಾಲೆ ನಾ ಯಾಕ್ರೀ ಅಡವಿಗೆ ಹೋಗ್ಲಿ? ಬೇಕಾದ್ರ ನಿಮ್ಮ ರಾಜಾನ್ನ ಕಳಸ್ರಿ."

ಮುರಗೋಡದ ಅಳಿಯ

ನಮ್ಮ ಕಡೆ ನಾಟಕದ ನಡುವೆ ಆಯೇರಿ ಮಾಡುವ ಪದ್ಧತಿ ಇದೆ. ಪಾತ್ರ ಮೆಚ್ಚಿದವರು, ಬೀಗರು, ಗೆಳೆಯರು ವೇದಿಕೆಗೇ ಬಂದು ಟವೆಲ್ಲು, ಅಂಗಿ, ಶಾಲು ಹೊದಿಸುತ್ತಾರೆ. ಅವರ ಹೆಸರು ಮೈಕಿನಲ್ಲಿ ಹೇಳಬೇಕು. ಅಲ್ಲಿಯ ತನಕ ಕಥೆ ಬಾಯಿ ಮುಚ್ಚಿಕೊಂಡು ಕಾಯುತ್ತದೆ.

ನಮ್ಮ ಖಳನಾಯಕರು ವಿಮೆ ಏಜಂಟರು. ಅವರ ಹೆಂಡತಿಯ ತವರು ಮುರಗೋಡ. ಖಳನಾಯಕ ರಾಜಕುಮಾರಿಯನ್ನು ಜುಟ್ಟು ಹಿಡಿದು ಎಳೆತರುವ ಹೊತ್ತಿಗೆ ಮಾವನವರು ವೇದಿಕೆ ಹತ್ತಿ ಅಳಿಯನ ತಲೆಗೆ ರೇಷ್ಮೆ ಪಟಕಾ ಸುತ್ತಿದರು. ಅಳಿಯಂದಿರು ಜುಟ್ಟು ಬಿಡದೆಯೇ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದರು. ಜೊತೆಗೆ ರಾಜಕುಮಾರಿಯೂ ಬಗ್ಗಬೇಕಾಯಿತು. ಆಮೇಲೆ ಅಳಿಯಂದಿರ ಕಾಕಾ ಮಾವ, ಸೋದರಮಾವ, ಮೂವರು ಭಾವ ಮೈದುನರು. ಹೀಗೆ ಐದು ಶಾಲು ಹೊದ್ದ ಖಳನಾಯಕರು ಮಠದ ಅತಿಥಿಯ ಹಾಗೆ ಕಾಣತೊಡಗಿದರು.

ಕೊನೆಯ ಅಂಕದಲ್ಲಿ ನಾಯಕ ಕತ್ತಿ ಎತ್ತಿದ. ಅತ್ತೆಯವರು ಎದ್ದು ನಿಂತರು. "ಏ ತಮ್ಮಾ, ಕತ್ತಿ ಕೆಳಗಿಡು! ಮನೀ ಅಳ್ಯಾನ ಮ್ಯಾಲೆ ನಮ್ಮ ಕಣ್ಣೆದುರಿಗೇ ಕೈ ಮಾಡತಿಯೇನು?"

"ಇದು ನಾಟಕ ಐತ್ರೀ ಅತ್ತಿ," ಅಂದರು ಖಳನಾಯಕರು, ಮೆಲ್ಲಗೆ.

"ನೀವು ಸುಮ್ನಿರ್ರಿ. ಮದಲ ಉಂಡಿಲ್ಲ ನೀವು."

ಪಂಚರು ಬಂದರು. ನಾಯಕನನ್ನೂ ಖಳನಾಯಕನನ್ನೂ ಎದುರಾ ಬದುರು ಕೂರಿಸಿ ನ್ಯಾಯ ಶುರುವಾಯಿತು. ಮಾಸ್ತರರು ಪೇಟಿಯ ಮೇಲೆ ತಲೆ ಇಟ್ಟರು. ಒಂದು ತಾಸಿನ ಮೇಲೆ ಹಿರಿಯ ಪಂಚರು ತೀರ್ಪು ಹೇಳಿದರು: "ಹೊಡದಾಟ ಬ್ಯಾಡ. ಹೆಂಗೂ ಹುಡಿಗೀನ್ನ ಎಳಕೊಂಡು ಬಂದಾನ. ರಾಜಕುಮಾರಿನ್ನ ಇವರಿಗೇ ಕೊಟ್ಟು ಲಗ್ನಾ ಮಾಡಿಬಿಡ್ರಿ."

ಹೆಂಗಸರ ಸಾಲಿನಿಂದ ಏಜಂಟರ ಹೆಂಡತಿ ಚೀರಿದಳು: "ಬ್ಯಾಡ! ಅದಕ್ಕಿಂತಾ ಕಡದ ಹಾಕ್ರಿ!"

ಬೈಲಹೊಂಗಲದ ಮಂಗಳ

ಹೀಗೆ ವರ್ಷಗಳು ಹೋದವು. ಸವದತ್ತಿಯಲ್ಲಿ ಗಾಳಿಗೆ ಪರದೆ ಹಾರಿತು, ಹೂಲಿಯಲ್ಲಿ ಕರೆಂಟು ಕೈಕೊಟ್ಟಿತು. ಹೋದ ವರ್ಷ ತಾಲೀಮಿನಲ್ಲಿ ಮಾಸ್ತರರು ಬೆರಳು ಮಡಚಲು ಹೋಗಿ ಮಡಚಲಾಗದೆ ನಮಗೆ ತೋರಿಸಿದರು. "ಬೆರಳು ಮಾತು ಕೇಳವಲ್ಲವು. ಇದೊಂದು ಆಟ ನುಡಸತೀನಿ, ಆಮ್ಯಾಲೆ ಪೇಟಿ ಮುಚ್ಚತೀನಿ." ಅವರನ್ನು ಇಷ್ಟು ವರ್ಷ ಗೋಳು ಹೊಯ್ದುಕೊಂಡವರು ನಾವೇ ಅಂತ ನನಗೆ ಆವಾಗ ಹೊಳೆಯಿತು.

ಈ ಸಲ ಮುಗಿಸಿಯೇ ಸೈ ಅಂತ ಆಣೆ ಮಾಡಿದೆವು. ನಮ್ಮದೇ ಊರು. ಡಾಕ್ಟರು ಫೋನು ಮನೆಯಲ್ಲಿಟ್ಟು ಬಂದರು. ಆಯೇರಿ ಬಂದ್. ಸಾಯಬೇಕಾದವರು ಒಂದೇ ಸಲಕ್ಕೆ ಸತ್ತರು, ಕಾಡಿಗೆ ಹೋಗಬೇಕಾದವರು ತಕರಾರಿಲ್ಲದೆ ಹೋದರು. ಐದನೆಯ ಅಂಕ ಮುಗಿದೇ ಹೋಯಿತು! ಎಲ್ಲರೂ ಸಾಲಾಗಿ ಕೈಮುಗಿದು ನಿಂತರು. ಮಾಸ್ತರರು ಕಣ್ಣು ಒರೆಸಿಕೊಂಡು ಮಂಗಳದ ಧಾಟಿ ನುಡಿಸಿದರು.

ಯಾರೂ ಹಾಡಲಿಲ್ಲ.

ರಾಜ ಮಂತ್ರಿಯ ಮುಖ ನೋಡಿದ, ಮಂತ್ರಿ ಖಳನಾಯಕನ ಮುಖ ನೋಡಿದ, ಮೂವರೂ ನನ್ನ ಮುಖ ನೋಡಿದರು. ಇಪ್ಪತ್ತು ವರ್ಷ ತಾಲೀಮು ಮಾಡಿದ್ದೇವೆ. ಮಂಗಳಕ್ಕೆ ಬಂದ ಕೂಡಲೇ "ಅದು ಹೆಂಗೂ ಬರಂಗಿಲ್ಲ ಬಿಡ್ರಿ" ಅಂದು ಎದ್ದು ಹೋಗಿದ್ದೇವೆ. ಒಬ್ಬನಿಗೂ ಒಂದು ಸಾಲು ಬಾರದು! ನಾನು ವಹಿಯ ಕೊನೆಯ ಹಾಳಿಗೆ ಕೈ ಹಾಕಿದೆ. ಹಾಳಿಯೇ ಇಲ್ಲ. ಬಳಕೆಯಿಲ್ಲದ ಹಾಳಿ ಅಂತ ಯಾವಾಗಲೋ ನಾನೇ ಹರಿದು, ಚುನಮರಿ ಮಿರ್ಚಿಯ ಚೀಟಿ ಬರೆದು ಹೋಟೆಲಿಗೆ ಕಳಿಸಿದ್ದೆ. ಮಾಸ್ತರರು ಧಾಟಿಯನ್ನು ಎರಡನೆಯ ಸಲ ನುಡಿಸಿದರು, ಮೂರನೆಯ ಸಲ ನುಡಿಸಿದರು. ತಾವೇ ಹಾಡಲು ಬಾಯಿ ತೆರೆದರು, ಬರೀ ಕೆಮ್ಮು ಬಂತು. ಜನ ಚಪ್ಪಲಿ ಹುಡುಕತೊಡಗಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಹೆಂಗಸರ ಸಾಲಿನಲ್ಲಿ ಮಾಸ್ತರರ ಹೆಂಡತಿ ಎದ್ದು ನಿಂತರು. ನಾವೆಲ್ಲ ಅವರಿಗೆ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತೇವೆ. "ಮನ್ಯಾಗ ಕೇಳೂದೇ ಸಾಕಾಗೇದ" ಅಂತ ಒಂದು ನಾಟಕಕ್ಕೂ ಬಾರದವರು, ಕೊನೆಯದು ಅಂತ ಬಂದಿದ್ದರು. ಕಣ್ಣು ಮುಚ್ಚಿ, ರೊಟ್ಟಿ ಬಡಿಯುವಾಗ ಗುನುಗುವಂತೆ, ಹಾಡಿದರು:

"ಮಂಗಳವಾಗಲಿ ಕೂಡಿದ ಜನಕೆ..."

ಮುಳುಗುವವರಿಗೆ ಹಗ್ಗ ಸಿಕ್ಕಂತಾಯಿತು. ವೇದಿಕೆಯ ಹದಿನಾಲ್ಕು ಜನ ಒಕ್ಕೊರಲಿನಿಂದ ಹಿಂದೆ ಹಾಡಿದರು: "ಮಂಗಳವಾಗಲಿ ಕೂಡಿದ ಜನಕೆ..."

"ಮಂಗಳವಾಗಲಿ ಬೆಳಗಿದ ದೀಪಕೆ..." ಅಂದರು ಕಾಕು. ಇವರೂ ಅಂದರು. ಎದ್ದವರು ನಿಂತರು, ನಿಂತವರು ಕೂತರು. ಮಾಸ್ತರರ ಬೆರಳು ಹದಿನೆಂಟರ ಹುಡುಗನ ಬೆರಳಿನಂತೆ ಓಡತೊಡಗಿದವು. ಕಾಕು ಕಣ್ಣು ತೆರೆಯದೆ ಮೂರನೆಯ ಸಾಲು ಎತ್ತಿದರು, ಅದೇ ರಾಗ, ಅದೇ ಭಕ್ತಿ:

"ತಡೀರಿ ತಡೀರಿ, ಚಹಾ ಕುದೀಲಿ..."

ರಾಜ, ಮಂತ್ರಿ, ಖಳನಾಯಕ, ಸತ್ತ ಸೇನಾಪತಿ, ಎಲ್ಲರೂ ಕೈಮುಗಿದು, ಕಣ್ಣು ಮುಚ್ಚಿ, ಗಂಟಲು ಬಿಚ್ಚಿ ಹಾಡಿದರು: "ತಡೀರಿ ತಡೀರಿ, ಚಹಾ ಕುದೀಲಿ..."

ಮಾಸ್ತರರು ಹುಬ್ಬೇರಿಸಿದರು, ಕೈ ನಿಲ್ಲಿಸಲಿಲ್ಲ. ನಾಲ್ಕನೆಯ ಸಾಲನ್ನು ಪೇಟಿಯಲ್ಲೇ ನುಡಿಸಿ, ಮಂಗಳ ಮುಗಿಸಿಯೇ ಪೇಟಿ ಮುಚ್ಚಿದರು. ಬಯಲೆಲ್ಲ ಬಿದ್ದು ಬಿದ್ದು ನಗುತ್ತಿತ್ತು, ಚಪ್ಪಾಳೆ ಹೊಡೆಯುತ್ತಿತ್ತು. ಮಾಸ್ತರರು ಗಂಭೀರವಾಗಿ ಮೈಕು ಹಿಡಿದು ಹೆಂಡತಿಯ ಕಡೆ ತಿರುಗಿದರು.

"ಮೂರನೇ ಸಾಲು ನಾ ಬರದದ್ದಲ್ಲ."

ಕಾಕು ಸೆರಗು ಹೊದ್ದುಕೊಂಡು, ನಿಂತಲ್ಲಿಂದಲೇ ಹೇಳಿದರು: "ನೀವು ಬರದದ್ದು ನನಗ ಹೆಂಗ ಗೊತ್ತಾಗಬೇಕು? ಇಪ್ಪತ್ತು ವರ್ಷ ದಿನಾ ಮುಂಜಾನೆ ಆ ಸಾಲಿಗೆ ಬಂದು ಚಹಾ ಕೇಳತೀರಿ. ಅದೊಂದು ಸಾಲು ನಂದು."