ಮಾನ್ವಿ–ದೇವದುರ್ಗ ದಿಗ್ಬಂಧನ

ನನಗೆ ಜಗಳ ಆಡಲು ಬರುವುದಿಲ್ಲ. ಇದು ಸದ್ಗುಣ ಎಂದು ನನ್ನ ಗೆಳೆಯರು ಹೇಳುತ್ತಾರೆ, ಬರೀ ಪುಕ್ಕಲುತನ ಎಂದು ಹೆಂಡತಿ ಹೇಳುತ್ತಾಳೆ. ಹೆಂಡತಿಯ ಮಾತೇ ನಿಜ. ತೂಕದಲ್ಲಿ ಕಣ್ಣೆದುರೇ ಮೋಸವಾದರೂ ‘ಇರ್ಲಿ ಬಿಡ್ರಿ’ ಎಂದು ಚೀಲ ಎತ್ತಿಕೊಂಡು ಬರುವವನು ನಾನು. ಇಂಥವರಿಗೆ ಊರಿನಲ್ಲಿ ಒಂದು ಕೆಲಸ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ಜಗಳ ಆಡಿ ಮಾತು ಬಿಟ್ಟವರ ನಡುವೆ ಓಡಾಡುವುದು. ಈ ಕಡೆಯವರು, ನೀವು ಭಾಳ ಚಲೋ ಮನುಷ್ಯಾರು, ಅವಗ ಒಂದು ಮಾತು ಹೇಳಿ ಬರ್ರಿ ಎನ್ನುತ್ತಾರೆ. ಆ ಕಡೆಯವರು, ಅವನ ವಕಾಲತ್ತು ಹಿಡಿದು ಬಂದೀರೇನು ಎಂದು ಮೈಮೇಲೆ ಬರುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಆ ಕೂಸಿಗಾದರೂ ಅಳುವ ಹಕ್ಕಿದೆ. ತಲೆಗೂದಲು ಅರ್ಧ ಉದುರಿದ ನನ್ನಂಥ ಬ್ಯಾಂಕ್ ಅಧಿಕಾರಿಗೆ ಅದೂ ಇಲ್ಲ.

ಎಂಬತ್ತರ ದಶಕದ ಮಾತು. ರಾಯಚೂರಿನ ನಮ್ಮ ಬ್ಯಾಂಕಿಗೆ ಕ್ರೆಡಿಟ್ ಕಾರ್ಡು ಎಂಬ ಹೊಸ ವ್ಯವಹಾರ ಬಂದಿತ್ತು. ಯಾರಿಗೂ ಬೇಡವಾದ ಕೆಲಸಗಳೆಲ್ಲ ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆ. ಇದೂ ಅಲ್ಲಿಗೇ ಬಿತ್ತು. ಊರಿನ ಅಂಗಡಿಯವರನ್ನು ಕಂಡು, ಗಿರಾಕಿ ಈ ಪ್ಲಾಸ್ಟಿಕ್ ಬಿಲ್ಲೆ ತೋರಿಸಿದರೆ ಸಾಮಾನು ಕೊಡ್ರಿ, ದುಡ್ಡು ಕಾರ್ಡಿನ ಕಂಪನಿ ಕೊಡ್ತದ, ಅದು ಆಮೇಲೆ ಗಿರಾಕಿಯಿಂದ ವಸೂಲಿ ಮಾಡ್ಕೊಂತದ ಎಂದು ಒಪ್ಪಿಸಬೇಕಿತ್ತು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಇದು ಉದ್ರಿ ಅಲ್ಲೇನ್ರಿ ಸಾಹೇಬ್ರ, ಉದ್ರಿಗೆ ಯಂತ್ರ ಯಾಕ ಬೇಕು? ನನ್ನ ಮುಖ ನೋಡಿ ಮರುಗಿ ಒಪ್ಪಿಕೊಂಡವರು ಬಟ್ಟೆ ಅಂಗಡಿಯ ಖಾದರ್ ಸಾಬ್ ಒಬ್ಬರೇ. ಕಾರ್ಡಿನ ಅಚ್ಚು ಒತ್ತುವ ಯಂತ್ರವನ್ನು ಅವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು ದಿನಾ ಧೂಳು ಒರೆಸುತ್ತಿದ್ದರು. ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ಕೊನೆಗೂ ಒಬ್ಬ ಗಿರಾಕಿ ಬಂದ. ಥರ್ಮಲ್ ವಿದ್ಯುತ್ ಸ್ಥಾವರದ ಕೆಲಸಕ್ಕೆಂದು ಹೊರದೇಶದಿಂದ ಬಂದಿದ್ದ ಎಂಜಿನಿಯರು. ಹೆಂಡತಿಗೆಂದು ಇಳಕಲ್ ಸೀರೆಗಳನ್ನು ಆರಿಸಿ ಕಾರ್ಡು ತೆಗೆದ. ಖಾದರ್ ಸಾಬರು ಯಂತ್ರವನ್ನು ಕರ್ರೆಂದು ಎಳೆಯುವುದನ್ನು ನೋಡಲು ಅಕ್ಕಪಕ್ಕದ ಅಂಗಡಿಯವರೆಲ್ಲ ನೆರೆದಿದ್ದರಂತೆ. ನಾನೋ ಹಿಗ್ಗಿ ಹೀರೇಕಾಯಿಯಾಗಿದ್ದೆ. ಆದರೆ ಕೆಲವು ವಾರಗಳ ನಂತರ, ಕಾರ್ಡಿನ ಅಚ್ಚು ಒತ್ತಿ ಕಂಪನಿಗೆ ಕಳಿಸಿದ್ದ ಆ ಚೀಟಿ ಹೋದ ದಾರಿಯಲ್ಲೇ ವಾಪಸು ಬಂತು. ಎಂಜಿನಿಯರನ ದೇಶಕ್ಕೂ ಕಾರ್ಡಿನ ಕಂಪನಿ ಇದ್ದ ದೇಶಕ್ಕೂ ಆ ನಡುವೆ ಜಗಳ ಹತ್ತಿತ್ತು. ಕಂಪನಿಯ ದೇಶದವರು ಎಂಜಿನಿಯರನ ದೇಶದ ಮೇಲೆ ದಿಗ್ಬಂಧನ ಹಾಕಿದ್ದರು. ಆ ಎರಡರ ನಡುವೆ ಒಂದು ಪೈಸೆ ದಾಟುವಂತಿರಲಿಲ್ಲ. ನಡುವೆ ಕಂಪನಿ ಸಿಕ್ಕಿಹಾಕಿಕೊಂಡಿತ್ತು, ಕಂಪನಿಯ ಬಾಲಕ್ಕೆ ನಾನು, ನನ್ನ ಬಾಲಕ್ಕೆ ಖಾದರ್ ಸಾಬರು.

ಅವರು ಬ್ಯಾಂಕಿಗೆ ಬಂದು ನನ್ನೆದುರು ಕೂತರು. ನಾನು ಚಹಾ ತರಿಸಿ, ಪತ್ರಿಕೆಯಲ್ಲಿ ಓದಿದ್ದ ಜಗತ್ತಿನ ರಾಜಕಾರಣವನ್ನೆಲ್ಲ ಅವರ ಮುಂದೆ ಹರವಿದೆ. ಚಹಾ ಮುಗಿಯುವವರೆಗೂ ಕೇಳಿದರು. ಆಮೇಲೆ ಬಟ್ಟಲು ಕೆಳಗಿಟ್ಟು, “ಅವರಿಬ್ಬರ ಜಗಳ ಅವರಿಬ್ಬರದು. ನಾ ಯಾರ ಕೂಡ ಜಗಳ ಆಡೀನಿ, ಸಾಬ್?” ಎಂದರು. ನಾನು ಇನ್ನೊಂದು ಚಹಾ ತರಿಸಿದೆ. ನನ್ನ ಪುಣ್ಯ, ಅಂಗಡಿಯವನ ತಪ್ಪೇನೂ ಇಲ್ಲವೆಂದು ಕಂಪನಿ ತನ್ನ ಗಂಟಿನಿಂದಲೇ ಅವರಿಗೆ ದುಡ್ಡು ಕೊಟ್ಟಿತು. ದೇಶಗಳು ಒಂದಾದ ಮೇಲೆ ಎಂಜಿನಿಯರನ ಹತ್ತಿರ ವಸೂಲಿ ಮಾಡಿಕೊಳ್ಳುತ್ತದಂತೆ. ನಡುವಿನವನೆಂದರೆ ಹೀಗಿರಬೇಕು ಎಂದು ನನಗೆ ಅದರ ಮೇಲೆ ಭಾರೀ ಗೌರವ ಹುಟ್ಟಿತು. ಆ ಗೌರವವೇ ನನ್ನನ್ನು ಹಾಳು ಮಾಡಿತು ನೋಡಿ.

ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ದಿಗ್ಬಂಧನ ಜಾರಿಯಲ್ಲಿತ್ತು. ಮಾನ್ವಿಯಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ; ದೇವದುರ್ಗದಲ್ಲಿ ನನ್ನ ಅಕ್ಕ. ಹೆಂಡತಿಯ ತಮ್ಮನ ಮದುವೆಯಲ್ಲಿ ಅತ್ತೆ ಬೀಗರಿಗೆಲ್ಲ ಆಯೇರಿ ಮಾಡಿದರು. ಬಟ್ಟೆ ಕೊಟ್ಟು ಮಾಡುವ ಈ ಮರ್ಯಾದೆಯಲ್ಲಿ ಬೇರೆಯವರಿಗೆ ಸೀರೆ, ನಮ್ಮ ಅಕ್ಕನಿಗೆ ಮಾತ್ರ ಬರೀ ಕುಬಸದ ಕಣ, ಒಂದು ರವಿಕೆಯ ತುಂಡು ಬಂತು. ಸೀರೆಗಳು ಸಾಲಲಿಲ್ಲ, ಮನಿಯಾಕಿ ತಾನೇ, ತಿಳ್ಕೊಂತಾಳ ಅಂದ್ಕೊಂಡೆ ಎಂಬುದು ಅತ್ತೆಯ ವಾದ. ಅಕ್ಕ ತಿಳಿದುಕೊಳ್ಳಲಿಲ್ಲ. ಕಣವನ್ನು ಹೊಸ್ತಿಲ ಮೇಲಿಟ್ಟು, ಊಟ ಬಿಟ್ಟು ಬಸ್ಸು ಹತ್ತಿದಳು. ಉಣ್ಣದೆ ಹೋದದ್ದು ತನಗೆ ಮಾಡಿದ ಅವಮಾನ ಎಂದು ಅತ್ತೆಯೂ ಸಿಟ್ಟಾದರು. ಅಂದಿನಿಂದ ಮಾನ್ವಿಯ ಉಪ್ಪಿನಕಾಯಿ ದೇವದುರ್ಗಕ್ಕೆ ಹೋಗುವಂತಿಲ್ಲ, ದೇವದುರ್ಗದ ಶೇಂಗಾ ಮಾನ್ವಿಗೆ ಬರುವಂತಿಲ್ಲ. ರಾಯಚೂರಿನ ನಮ್ಮ ಮನೆಗೇ ಬಂದು ಬೀಳುತ್ತಿದ್ದ ಎರಡನ್ನೂ ಕೂಡಿಸಿ ಉಣ್ಣುತ್ತಿದ್ದ ನನಗೆ ಮೊದಮೊದಲು ಅದರಿಂದ ಲಾಭವೇ ಆಯಿತು.

ಆದರೆ ಅಕ್ಕನ ಮಗಳು ಗಿರಿಜಾಳ ಲಗ್ನ ಗೊತ್ತಾದಾಗ ಕುತ್ತಿಗೆಗೆ ಬಂತು. ಸೋದರಮಾವ ನಾನು. ನಮ್ಮಲ್ಲಿ ಸೋದರಮಾವ, ಅವನ ಹೆಂಡತಿ ಅಂದರೆ ಹುಡುಗಿಯ ಅತ್ತಿ, ಇಬ್ಬರೂ ಕೂಡಿ ಕೈಹಿಡಿದು ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು. ನನ್ನ ಹೆಂಡತಿ ಶರಣಮ್ಮ, ನಿಮ್ಮ ಅಕ್ಕ ನಮ್ಮವ್ವಗ ಮರ್ಯಾದಿ ಸೀರಿ ಕಳಿಸೋತನಕ ನಾ ದೇವದುರ್ಗದಾಗ ಕಾಲಿಡಂಗಿಲ್ಲ ಎಂದು ಕೂತಳು. ಅಕ್ಕನಿಗೆ ಹೇಳಿದರೆ, ಮೊದಲು ನಿಮ್ಮತ್ತಿ ಕಳಿಸಲಿ ಎಂದಳು. ಗಿರಿಜಾ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, “ಮಾಮಾ, ಅತ್ತಿ ಬರಲಿಲ್ಲಂದ್ರ ಮಂದಿ ಮುಂದ ನಾ ಹೆಂಗ ಹೊರಗ ಬರ್ಲಿ?” ಎಂದು ಕಣ್ಣು ತುಂಬಿಕೊಂಡಳು. ನಾನು ಎತ್ತಿ ಆಡಿಸಿದ ಹುಡುಗಿ.

ಆಗ ನನಗೆ ಕಂಪನಿ ನೆನಪಾಯಿತು. ಕೊಡಬೇಕಾದವರು ಕೊಡದಿದ್ದರೆ ನಡುವಿನವನು ಕೊಟ್ಟುಬಿಡಬೇಕು, ವಸೂಲಿ ಆಮೇಲೆ. ಖಾದರ್ ಸಾಬರ ಅಂಗಡಿಗೆ ಹೋಗಿ ಎರಡು ಸೀರೆ ಕೊಂಡೆ, ನಗದು ಕೊಟ್ಟು. ಮಾನ್ವಿಗೆ ಹೋಗಿ ಒಂದನ್ನು ಅತ್ತೆಯ ಮುಂದಿಟ್ಟು, ಅಕ್ಕ ತನ್ನ ಕೈಯಾರೆ ಆರಿಸಿ ಕಳಿಸಿದ್ದಾಳೆ, ಕಣ್ಣೀರು ಹಾಕಿದಳು ಎಂದೆ. ಕಣ್ಣೀರು ನನ್ನ ಸ್ವಂತ ಕಲ್ಪನೆ. ಅತ್ತೆ ಸೀರೆ ಬಿಚ್ಚಿ ಒಂದು ತುದಿ ನೋಡಿದರು, ಇನ್ನೊಂದು ತುದಿ ನೋಡಿದರು, ನನ್ನ ಮುಖ ನೋಡಿದರು. “ನಿಮ್ಮಕ್ಕ ಮನಿಯಾಗಿಂದನ ಕೊಟ್ಟು ಕಳಿಸ್ಯಾಳೇನು, ಅಳಿಯಾರ?” ಎಂದರು. ಹೌದು, ದೇವರ ಮುಂದಿಟ್ಟು ಕೊಟ್ಟಳು ಎಂದೆ. “ಆತು ಬಿಡ್ರಿ,” ಎಂದು ಮಡಚಿ ಒಳಗಿಟ್ಟರು. ಮರುದಿನ ದೇವದುರ್ಗದಲ್ಲೂ ಅದೇ ನಾಟಕ. ಅಕ್ಕನೂ ಎರಡೂ ತುದಿ ನೋಡಿದಳು, “ಆತು ಬಿಡು, ತಮ್ಮಾ” ಎಂದಳು. ಇಬ್ಬರೂ ನಂಬಿದರಲ್ಲ, ಈ ದೇಶದೇಶಗಳವರು ಒಮ್ಮೆ ನನ್ನನ್ನು ಕರೆಸಬಾರದೇ ಅಂದುಕೊಂಡು ಬಸ್ಸಿನಲ್ಲಿ ಮೀಸೆ ತಿರುವಿದೆ.

ಲಗ್ನದ ದಿನ ಶರಣಮ್ಮ ಬಂದಳು. ನಾನು ಲೆಕ್ಕಕ್ಕೆ ಹಿಡಿಯದಿದ್ದ ಸಂಗತಿಯೆಂದರೆ, ಅವಳ ಹಿಂದೆಯೇ ಅತ್ತೆಯೂ ಬಸ್ಸಿನಿಂದ ಇಳಿದರು, ಬಗಲಲ್ಲಿ ಸೀರೆಯ ಗಂಟು. ಅಕ್ಕ ಬಾಗಿಲಿಗೆ ಬಂದಳು. ಓಡಿಹೋಗೋಣವೆಂದರೆ ನಾನು ಸೋದರಮಾವ. ಅತ್ತೆ ಗಂಟು ಬಿಚ್ಚಿ, ಸೀರೆಯ ತುದಿ ಹಿಡಿದು ತೋರಿಸಿದರು.

“ಏನಬೇ ತಂಗಿ, ಅರಿಷಿಣ ಕುಂಕುಮ ಹಚ್ಚಲಾರದ ಸೀರಿ ಕಳಿಸೋವಷ್ಟು ದೊಡ್ಡಾಕಿ ಆದಿ?”

ಅಕ್ಕ ಒಳಗೆ ಹೋಗಿ ತನ್ನ ಸೀರೆ ತಂದಳು. “ನೀವು ಕಳಿಸಿದ್ದರಾಗೂ ಇಲ್ಲ ನೋಡ್ರಿ, ಅತ್ಯಾರ.”

ನಮ್ಮ ಕಡೆ ಹೆಣ್ಣುಮಕ್ಕಳು ಯಾರಿಗೇ ಬಟ್ಟೆ ಕೊಡಲಿ, ತುದಿಗೆ ಅರಿಷಿಣ ಕುಂಕುಮ ಮುಟ್ಟಿಸದೆ ಕೊಡುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದ್ದೇನೆ ಅಷ್ಟೇ, ಎಂದೂ ಹಚ್ಚಿದವನಲ್ಲವಲ್ಲ. ನನ್ನ ಎರಡೂ ಸೀರೆಗಳು ಗಂಡಸಿನ ಕೈಯಿಂದ ಬಂದವು ಎಂದು ಇಬ್ಬರಿಗೂ ಮೊದಲ ನೋಟದಲ್ಲೇ ತಿಳಿದಿತ್ತು. ಮತ್ತೆ ಯಾಕೆ ಸುಮ್ಮನೆ ಇಟ್ಟುಕೊಂಡಿರಿ ಎಂದು ನಾನು ತೊದಲಿದೆ.

“ಹುಡುಗಿ ಲಗ್ನ ಅದ. ಏನರ ಒಂದು ನೆವ ಬೇಕಾಗಿತ್ತು,” ಎಂದರು ಅತ್ತೆ.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅರಿಷಿಣದ ಬಟ್ಟಲು ಬಂತು. ಇಬ್ಬರೂ ತುದಿಗಳಿಗೆ ಹಚ್ಚಿ ಒಬ್ಬರಿಗೊಬ್ಬರು ಉಡಿಸಿಕೊಂಡರು. ನಾನೂ ಶರಣಮ್ಮನೂ ಗಿರಿಜಾಳ ಕೈಹಿಡಿದು ಮಂಟಪಕ್ಕೆ ತಂದೆವು. ಆ ಹುಡುಗಿ ನಗುತ್ತಿದ್ದಳು. ಊಟದ ಪಂಕ್ತಿಯಲ್ಲಿ ಅತ್ತೆಯೂ ಅಕ್ಕನೂ ಜೋಡಿಯಾಗಿ ಕೂತು, ನಾನು ಹೇಳಿದ ಸುಳ್ಳುಗಳನ್ನು ಒಂದೊಂದಾಗಿ ತಾಳೆ ನೋಡಿ ಬಿದ್ದು ಬಿದ್ದು ನಕ್ಕರು. ಇನ್ನು ಮುಂದೆ ಏನಿದ್ದರೂ ನೇರವಾಗಿಯೇ, ನನ್ನ ಕೈಯಲ್ಲಿ ಒಂದು ನಿಂಬೆಹಣ್ಣನ್ನೂ ಕಳಿಸಬಾರದು ಎಂದು ಅಲ್ಲೇ ಒಪ್ಪಂದವಾಯಿತು. ಸೀರೆಗಳ ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ.

ರಾಯಚೂರಿನ ಬಸ್ಸಿನಲ್ಲಿ ಶರಣಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎಲ್ಲಾ ಸುಸೂತ್ರ ಆತಲ್ಲ ಎಂದು ನಾನೇ ಮಾತು ತೆಗೆದೆ. ಮುಖ ತಿರುಗಿಸದೆಯೇ ಹೇಳಿದಳು:

“ಜಗಳ ಆಡಿದೋರಿಗೆ ಒಂದೊಂದು ಸೀರಿ ಬಂತು. ಇಷ್ಟು ವರ್ಷ ನಿಮ್ಮ ಕೂಡ ಜಗಳ ಆಡಲಾರದ ಬಾಳೇ ಮಾಡಿದ್ದು ನಂದಽ ತಪ್ಪು.”

ಅಲ್ಲಿಂದ ಅವಳು ನನ್ನ ಕೂಡ ಮಾತು ಬಿಟ್ಟಳು. ಈಗ ಮಾನ್ವಿಗೂ ದೇವದುರ್ಗಕ್ಕೂ ಉಪ್ಪಿನಕಾಯಿ, ಶೇಂಗಾ ನೇರವಾಗಿ, ಸಲೀಸಾಗಿ ಓಡಾಡುತ್ತಿದ್ದವು, ನಮ್ಮ ಮನೆಯೊಂದನ್ನು ಬಿಟ್ಟು. ಅಡುಗೆಮನೆಗೂ ಪಡಸಾಲೆಗೂ ನಡುವೆ ಓಡಾಡಿ ನನ್ನ ಪರವಾಗಿ ಒಂದು ಮಾತು ಹೇಳಿ ಬರುವ ಚಲೋ ಮನುಷ್ಯನನ್ನು ರಾಯಚೂರೆಲ್ಲ ಹುಡುಕಿದೆ. ಅಂಥ ಪೆದ್ದ ನಾನೊಬ್ಬನೇ ಇದ್ದೆ.