ದೇವರಿಗೆ ಕುಸುಬಿ ಎಣ್ಣಿ, ನಮಗ ಪಾಕೀಟು

ಸೋಲಾಪುರದಾಗ ನಂದೊಂದು ಎಣ್ಣಿ ಗಾಣ ಅದ. ಕುಸುಬಿ ಎಣ್ಣಿ ತೆಗೀತೀನಿ, ಮಾರತೀನಿ. ಎಣ್ಣಿಗಿಂತ ಮಾತೇ ಜಾಸ್ತಿ ಸೋರೋ ಧಂದೆ ಇದು. ವಾರಕ್ಕೊಂದರ ಇಂಥಾ ಪ್ರಸಂಗ ಬಾಗಲಿಗೆ ಬಂದು ನಿಂದರತದ. ನನಗ ಮೊದಲು ಸಿಟ್ಟು ಬರತದ, ಆಮ್ಯಾಲ ನಗು. "ಎರಡೂ ಒಮ್ಮೆ ಬಂದ್ರ ಟೈಮ್ ಉಳೀತದಲ್ರೀ" ಅಂತಾಳ ನನ್ನ ಹೆಂಡತಿ.

ಶುದ್ಧ ಮಾಲು

ನಮ್ಮ ಗಲ್ಲಿಯ ಕಾಕು ಒಬ್ಬಾಕಿ ತಿಂಗಳಾ ತಪ್ಪದ ಎಣ್ಣಿ ಒಯ್ಯತಿದ್ದಳು. "ತಮ್ಮಾ, ಇಷ್ಟು ಶುದ್ಧ ಎಣ್ಣಿ ಇಡೀ ಸೋಲಾಪುರದಾಗ ಇಲ್ಲ ನೋಡು" ಅಂದಾಗ ನಾ ಪೂರಿ ಹಂಗ ಉಬ್ಬಿದೆ.

"ಪಲ್ಯಾಕ ರುಚಿ ಹೆಂಗ ಬರತದ ಕಾಕು?"

"ಅಯ್ಯ, ಪಲ್ಯಾಕ ಯಾರು ಹಾಕತಾರ! ವಾಸನಿ ಬರತದ. ಇದು ದೇವರ ದೀಪಕ್ಕ. ನಮಗ ಪಾಕೀಟಿನ ಎಣ್ಣಿ ಅದ."

"ಮತ್ತ ಶುದ್ಧ ಅದ ಅಂದ್ರಿ?"

"ಅದಕ್ಕ ದೇವರಿಗೆ. ನಮಗ ಅಷ್ಟು ಶುದ್ಧ ಪಚನ ಆಗಂಗಿಲ್ಲಪ್ಪಾ."

ಅಜ್ಜಿಯ ಧಮಕಿ

ಊರ ತುಂಬ ಇಂಥಾ ಕಾಕುಗೋಳೇ ಆದ್ರ ಕುಸುಬಿ ಯಾರು ಬಿತ್ತತಾರ? ಒಬ್ಬೊಬ್ಬರ ಬಿಟ್ಟು ಕಬ್ಬು ಹಚ್ಚಿದ್ರು. ಕಡೀಕ ನನ್ನ ಗಾಣಕ್ಕ ಕಾಳು ಕೊಡಾಕ ಉಳದಾಕಿ ಕರಜಗಿ ಹಳ್ಳಿಯ ಒಬ್ಬ ಅಜ್ಜಿ. ಕುರಿ ಸಾಕೋ ಮನಿತನ, ಬೀರೋಬಾ ದೇವರ ಭಕ್ತರು. ಕುಸುಬಿ ಮುಳ್ಳಿನ ಗಿಡ ನೋಡ್ರಿ, ಜ್ವಾಳದ ಸುತ್ತ ಹಾಕಿದ್ರ ಕುರಿ ಒಳಗ ನುಗ್ಗಂಗಿಲ್ಲ.

ಹ್ವಾದ ವರ್ಷ ಆಕಿ ಕಾಳು ಅರ್ಧ ಜೊಳ್ಳು ಬಂತು. ಕೇಳಾಕ ಹ್ವಾದೆ.

"ಹೂ ಬಿಡತಾವ, ಹುಳ ಇಲ್ಲ ಸಾವಕಾರ" ಅಂದಳು. "ಮೊದಲು ಇಲ್ಲಿ ಜೇನು ಗುಂಯ್ ಅಂತಿದ್ದವು. ಬರೋ ಸಲನೂ ಕಾಳು ತುಂಬಲಿಲ್ಲ ಅಂದ್ರ ನಾನೂ ಕಬ್ಬು ಹಚ್ಚತೀನಿ."

ಅಜ್ಜಿ ಕುಸುಬಿ ಬಿಟ್ರ ನನ್ನ ಗಾಣ ನಿಂತಂಗ.

"ಎಲ್ಲಾರೂ ಕಬ್ಬು ಹಚ್ಚಿದ್ರ ಜೇನು ಎಲ್ಲಿಗೆ ಹೋಗಬೇಕು ಅಜ್ಜಿ?"

"ಸೋಲಾಪುರಕ್ಕ. ಕುಸುಬಿ ಎಣ್ಣಿ ತಿನ್ನೋದು ಬಿಟ್ಟೋರು ನೀವು, ನೀವೇ ಸಾಕ್ರಿ!"

ಪುಢೆ ಸರಕಾ

ಸಾಕಿದೆ ನೋಡ್ರಿ! ಹೂ ಬಿಡೋ ಹೊತ್ತಿಗೆ ಒಂದು ಜೇನಿನ ಪೆಟ್ಟಿಗಿ ತಂದೆ. ಅದರ ಬಾಯಿಗೆ ತಂತಿ ಜಾಳಗಿ ಬಡದು, ಮುಂಜಾನಿ ಎಸ್ಟಿ ಬಸ್ಸು ಹತ್ತಿದೆ. ಅಕ್ಕಲಕೋಟದಾಗ ಗಾಡಿ ಬದಲು ಮಾಡಿದಾಗ ಕಾಲಿಡಾಕ ಜಾಗಾ ಇಲ್ಲ. ಕಂಡಕ್ಟರ್ "ಪುಢೆ ಸರಕಾ, ಪುಢೆ ಸರಕಾ" ಅಂತ ಒದರಾಕತ್ತಾನ. ಮುಂದ ಸರೀರಿ ಅಂದ್ರ ಯಾರು ಸರೀತಾರ?

"ಪೆಟ್ಟಿಗ್ಯಾಗ ಏನದ?" ಅಂದ.

"ಜೇನುಹುಳ."

ಅಷ್ಟೇ. ಹಿಂದಿನ ಅರ್ಧ ಗಾಡಿ ಖಾಲಿ! ಮಂದಿ ಎಲ್ಲಾ ಡ್ರೈವರನ ತೊಡಿ ಮ್ಯಾಲ ಕೂತಂಗ ಮುಂದ ಹೋಗಿ ನಿಂತ್ರು. ನಾ ಆರಾಮ ಕಾಲು ಚಾಚಿ ಕೂತೆ. ಕರಜಗಿ ಬಂದಾಗ ಕಂಡಕ್ಟರ್ ನನ್ನ ಕಿವಿಯಾಗ ಹೇಳಿದ, "ಸಾಹೇಬ್ರ, ದಿನಾ ಇದೇ ಗಾಡಿಗೆ ಬರ್ರಿ."

ಭಂಡಾರ

ಪೆಟ್ಟಿಗಿ ಅಜ್ಜಿಯ ಹೊಲದಾಗ ಇಟ್ಟು ಬಂದು ವಾರ ಕಳದಿತ್ತೋ ಇಲ್ಲೋ, ಅಜ್ಜಿ ಫೋನ್ ಮಾಡಿಸಿದಳು: "ಹುಳ ಸಾಯಾಕತ್ತಾವ, ಬಾ."

ಓಡಿ ಹ್ವಾದೆ. ಪೆಟ್ಟಿಗಿ ಮುಂದ ಸತ್ತ ಹುಳದ ರಾಶಿ. ಬಾಜೂ ಹೊಲದಾಗ ಅಜ್ಜಿಯ ಮೈದುನ ಕಲ್ಲಂಗಡಿ ಹಚ್ಚಿದ್ದ. ಹೂ ಅರಳೋ ಮುಂಜಾನಿ ಹೊತ್ತಿಗೇ ಔಷಧಿ ಹೊಡೀತಿದ್ದ. ಕೈ ಮುಗದೆ. "ಅಣ್ಣಾರ, ಸಂಜಿಗೆ ಹೊಡೀರಿ. ಈ ಹುಳ ಸತ್ರ ನಿಮ್ಮ ಕಲ್ಲಂಗಡಿಗೂ ಕಾಯಿ ಕಟ್ಟಂಗಿಲ್ಲ."

"ನನ್ನ ಹೊಲಕ್ಕ ಬರಬ್ಯಾಡ್ರಿ ಅಂತ ನಿಮ್ಮ ಹುಳಕ್ಕ ಹೇಳ್ರಿ" ಅಂದ.

ಸಿಟ್ಟಿಗೆ ನನ್ನ ಕಣ್ಣಾಗ ನೀರು ಬಂತು. ಅಜ್ಜಿ ಮೈದುನನ ರಟ್ಟಿ ಹಿಡದು ಪೆಟ್ಟಿಗಿ ಮುಂದ ತಂದು ಕೂಡಿಸಿದಳು. ಉಳದ ಹುಳ ಕುಸುಬಿ ಹೂವಿನಿಂದ ಹೊಳ್ಳಿ ಬರಾಕತ್ತಿದ್ದವು, ಮೈತುಂಬ ಹಳದಿ ಪುಡಿ.

"ನೋಡು! ಮೈಲಾರನ ಗುಡಿಗೆ ಹೋಗಿ ಅರಿಷಿಣ ಬಳಕೊಂಡು ಬರ್ತೀವಲ್ಲ ನಾವು, ಹಂಗೇ ಬರಾಕತ್ತಾವ. ಭಂಡಾರ ಹಚಗೊಂಡು ಬಂದ ಭಕ್ತರಿಗೆ ವಿಷಾ ಹಾಕತಿ ಏನೋ?"

ಆತ ಮೆಲ್ಲಕ ಚಪ್ಪಲಿ ಬಿಟ್ಟ. ಅವತ್ತಿನಿಂದ ಔಷಧಿ ಸಂಜಿಗೆ, ಅದೂ ಪೆಟ್ಟಿಗಿಗೆ ಕೈ ಮುಗದು, "ಎಲ್ಲಾರೂ ಒಳಗ ಹೋಗ್ಯಾರಲ್ಲ?" ಅಂತ ಕೇಳಿ.

ಹುಳದ ಸಿಟ್ಟು

ಮುಂದಿನ ಸಲ ಹ್ವಾದಾಗ ಮೈದುನ ಸಪ್ಪಗ ಕೂತಿದ್ದ.

"ಸಾವಕಾರ, ಹುಳ ಎಲ್ಲಾ ನಮ್ಮ ಅತ್ತಿಗಿ ಕುಸುಬಿಗೇ ಹೋಗಾಕತ್ತಾವ. ನನ್ನ ಹೊಲಕ್ಕ ಒಂದೂ ಬರವಲ್ದು. ತಪ್ಪಾತು ಅಂದೀನಿ, ಕಾಯಿ ಒಡದೀನಿ. ಇನ್ನೂ ಸಿಟ್ಟು ಇಳಿದಿಲ್ಲೇನು?"

ಕುಸುಬಿ ಹೂ ಭರಪೂರ ಅದಾವ, ಅವು ಬಾಡಿದ ಮ್ಯಾಲ ಬರ್ತಾವ ಅಂತ ಹೇಳಬೇಕಂದೆ. ಅಜ್ಜಿ ನಡುವ ಬಾಯಿ ಹಾಕಿದಳು.

"ನಿಮ್ಮ ಮನ್ಯಾಗ ಒಗ್ಗರಣಿಗೆ ಯಾವ ಎಣ್ಣಿ?"

"ಪಾಕೀಟಿಂದು, ವೈನಿ."

"ಮತ್ತ! ಅವು ತಿರಗಾಡೋದು ಕುಸುಬ್ಯಾಗ. ಅದರ ಎಣ್ಣಿ ತಿನ್ನಲಾರದ ಮನಿಗೆ ಅವು ಯಾಕ ಬಂದಾವು?"

ಮರುದಿನ ಮುಂಜಾನಿ ನಾ ಅಂಗಡಿ ತೆಗ್ಯೂದ್ರಾಗ ಮೈದುನ ಹಾಜರ್, ಒಂದು ಡಬ್ಬಿ ಎಣ್ಣಿ ಒಯ್ದ. ಮುಂದ ಕುಸುಬಿ ಹೂ ಬಾಡಿದವು, ಹುಳ ಕಲ್ಲಂಗಡಿಗೆ ಬಂದವು, ಕಾಯಿ ಕಟ್ಟಿತು.

ಸುಗ್ಗಿ ಮುಗದ ಮ್ಯಾಲ ಮೈದುನ ಹೆಗಲ ಮ್ಯಾಲ ಅಜ್ಜಿಯ ಕುಸುಬಿ ಚೀಲ ಹೊತಗೊಂಡು ಮತ್ತ ಬಂದ. ಕಾಳು ಗಟ್ಟಿ, ತುಂಬಿದ್ದವು. "ಕಬ್ಬು ಹಚ್ಚಂಗಿಲ್ಲ ಅಂತ ಹೇಳು ಅಂದಾಳ ವೈನಿ" ಅಂದ. ನಾ ಚೀಲ ಇಳಿಸಿಕೊಂಡು ಸೀದಾ ಗಾಣದ ಬಾಜೂ ಇಟ್ಟೆ.

ಆಗ ದೀಪದ ಎಣ್ಣಿಗೆ ಬಂದ ಕಾಕುನೂ ಅಲ್ಲೇ ನಿಂತಿದ್ದಳು. "ತಮ್ಮಾ, ಈ ಸಲರ ವಾಸನಿ ಕಡಿಮಿ ಇರೋದು ಕೊಡು" ಅಂದಳು.

ಮೈದುನ ಗಾಬರ್ಯಾಗಿ ನನ್ನ ಕೈ ಹಿಡಕೊಂಡ. "ಸಾವಕಾರ, ಕೈ ಮುಗೀತೀನಿ, ಕಡಿಮಿ ಮಾಡಬ್ಯಾಡ್ರಿ! ನಮ್ಮ ಮನಿ ಒಗ್ಗರಣಿ ಹೊಲದ ತನಕ ನಾರಬೇಕು. ಈ ವರ್ಷ ಎರಡು ಎಕರೆ ಜಾಸ್ತಿ ಕಲ್ಲಂಗಡಿ ಹಚ್ಚೋನದೀನಿ!"